ಷರಾ

ಟೇಪು ಸುತ್ತಬೇಕಾದದ್ದು ಎದೆಯೆತ್ತರಕ್ಕೆ.
ಮರದ ಎದೆಗಲ್ಲ, ಅಳೆಯುವವರ ಎದೆಗೆ.
ನಾನು ಕುಳ್ಳಿ. ಹಾಗಾಗಿ ಲೆಕ್ಕದಲ್ಲಿ
ನಮ್ಮ ಕಾಡು ತುಸು ದಪ್ಪ.

ಮುನ್ನೂರ ಹನ್ನೆರಡು ಮರ, ಬಿಳಿ ಬಣ್ಣದ ನಂಬರು.
ಮತ್ತಿಗೂ ಒಂದು, ಹೊನ್ನೆಗೂ ಒಂದು,
ಹೆಜ್ಜೇನು ಕೂರುವ ತಾರೆಗೆ ಬರೆಯಲು ಹೋಗಿ
ಕರಿಯಜ್ಜನ ಕೈಯಲ್ಲಿ ಬೈಸಿಕೊಂಡೆ,
ಆಮೇಲೆ ಅವನೇ ಡಬ್ಬಿ ಹಿಡಿದ.

ಒಪ್ಪಂದ ಓದಿದ್ದು ಅಂಗನವಾಡಿ ಜಗಲಿಯಲ್ಲಿ.
ಸಂಸ್ಥೆಯ ಪಳಂಗಪ್ಪನವರು ಗಂಟಲು ಸರಿಮಾಡಿಕೊಂಡು:
ನೀವು ಕಾಡು ಕಾಯಿರಿ, ನಾವು ಸೇತುವೆ ಕಟ್ಟುತ್ತೇವೆ.
ಮೊದಲ ಎಣಿಕೆ ಸರಿ ಬಂದರೆ ಕಂಬ,
ಎರಡನೆಯದಕ್ಕೆ ಕಬ್ಬಿಣ,
ಮೂರನೆಯದಕ್ಕೆ ಹಲಗೆ, ಹಿಡಿಕಂಬಿ.

ಮುದ್ದಜ್ಜಿ ಎಲೆಯಡಿಕೆ ಉಗಿದು ಕೇಳಿದಳು:
ಇಷ್ಟು ಕಾಲ ಕಡಿಯದೆ ಇದ್ದೆವಲ್ಲ,
ಅದಕ್ಕೇನು ಕೊಡ್ತೀರಿ?
ಜೇನು ಕೀಳುವಾಗ ಹುಳಕ್ಕೆಂದು ಒಂದು ಮೂಲೆ ಬಿಡ್ತೇವೆ,
ರಸೀದಿ ಕೊಟ್ಟವರಿಲ್ಲ.
ಎಲ್ಲರೂ ನಕ್ಕರು. ಪಳಂಗಪ್ಪನವರೂ.
ನಡಾವಳಿಯಲ್ಲಿ ನಾನದನ್ನು ಬರೆಯಲಿಲ್ಲ,
ಕಾಲಂ ಇರಲಿಲ್ಲ.

ಬೇಡ ಅನ್ನಬಹುದಿತ್ತು,
ಹೊಳೆಯ ಆಚೆ ಹುಟ್ಟಿದ್ದರೆ.
ಮಳೆಗಾಲದಲ್ಲಿ ನಮ್ಮ ಪಡಿತರದ ಅಕ್ಕಿ
ಆ ದಡದಲ್ಲೇ ಹುಳ ಹಿಡಿಯುತ್ತದೆ.
ಸ್ಕೂಲಿನ ಹಾಜರಿಯಲ್ಲಿ ನಮ್ಮ ಮಕ್ಕಳು
ಜೂನಿನಲ್ಲಿ ಸತ್ತು ಅಕ್ಟೋಬರಿನಲ್ಲಿ ಹುಟ್ಟುತ್ತಾರೆ.
ಹೆಬ್ಬೆಟ್ಟು ಒತ್ತಿದೆವು. ನಾನು ಸಹಿ ಹಾಕಿದೆ,
ಜೆ.ಕೆ. ಮಲ್ಲಿಗಿ, ಕಾರ್ಯದರ್ಶಿ.

ಮೊದಲ ವರ್ಷ ಮುನ್ನೂರ ಹನ್ನೆರಡೇ.
ಎರಡು ಕಂಬ ಎದ್ದವು.
ಒಂದರ ಮೇಲೆ ನೀರುಕಾಗೆ ಕೂತು ರೆಕ್ಕೆ ಒಣಗಿಸಿತು.
ಉದ್ಘಾಟನೆ ಎಂದರೆ ಅದೇ.

ಎರಡನೇ ವರ್ಷ ಒಂಟಿಸಲಗ ನಾಲ್ಕು ಬೀಳಿಸಿತು.
ಆನೆ ಒಪ್ಪಂದಕ್ಕೆ ಬದ್ಧವೋ ಅಲ್ಲವೋ,
ಎರಡು ತಿಂಗಳು ಕಾಗದ ಓಡಾಡಿ
ಕೊನೆಗೆ ಬಂತು: ಸ್ವಾಭಾವಿಕ ನಷ್ಟ.
ಕಬ್ಬಿಣವೂ ಬಂತು. ಟಾರ್ಪಾಲು ಹೊದಿಸಿಟ್ಟರು.
ಕೋಳಿಗಳು ಅದರಡಿ ಮೊಟ್ಟೆಯಿಟ್ಟವು.

ಆಮೇಲಿನ ಕಕ್ಕಡ.
ನಮ್ಮ ಅತ್ತಿಗೆ ಸಣ್ಣಿಗೆ ನಡುರಾತ್ರಿ ನೀರೊಡೆಯಿತು,
ಕೂಸು ಕಾಲು ಮುಂದಾಗಿ.
ಗೋಣಿಕೊಪ್ಪದಿಂದ ಬಂದ ಆಂಬುಲೆನ್ಸು ಆಚೆ ದಡದಲ್ಲಿ.
ಅದರ ಬೆಳಕು ಸುತ್ತಿ ಸುತ್ತಿ
ನಮ್ಮ ಮುಖ, ಕಂಬ, ಕೆಂಪು ನೀರು,
ಮತ್ತೆ ನಮ್ಮ ಮುಖ.

ದಡದ ಮೇಲೆ ನಿಂತಿತ್ತು ನೂರಾ ಹದಿನೇಳು.
ನಂದಿ, ನೆಟ್ಟಗೆ.
ಕರಿಯಜ್ಜ ಅದಕ್ಕೆ ಏನೋ ಹೇಳಿದ, ಮಳೆಯಲ್ಲಿ ಕೇಳಿಸಲಿಲ್ಲ.
ಮೂವರು ಸರದಿಯಲ್ಲಿ, ಮುಕ್ಕಾಲು ಗಂಟೆ.
ನಾನು ಟಾರ್ಚು ಹಿಡಿದಿದ್ದೆ. ಬೆಳಕು ಬಿದ್ದಲ್ಲೆಲ್ಲ
ನನ್ನ ಕೈಬರಹದ ನಂಬರೇ ಕಾಣುತ್ತಿತ್ತು.
ಮರ ಬಿತ್ತು, ದಡದಿಂದ ದಡಕ್ಕೆ,
ಎರಡೂ ಕಂಬಗಳ ತಲೆ ಸವರಿ.
ಕಂಬಳಿ ಜೋಲಿಯಲ್ಲಿ ಸಣ್ಣಿ
ಒಮ್ಮೆಯೂ ಕಿರುಚದೆ ದಾಟಿದಳು.

ಇವತ್ತು ಮೂರನೇ ಎಣಿಕೆ.
ಪಳಂಗಪ್ಪನವರು ಬೂಟು ಕೈಯಲ್ಲಿ ಹಿಡಿದು,
ಕೈಚಾಚಿ, ಒಂದೊಂದೇ ಹೆಜ್ಜೆ ದಾಟಿ ಬಂದರು.
ಚಹಾ ಕುಡಿದರು. ರಿಜಿಸ್ಟರು ತಿರುವಿದರು.
ಮುನ್ನೂರೆಂಟು ಇರಬೇಕಿತ್ತು. ಮುನ್ನೂರೇಳು.
ನೂರಾ ಹದಿನೇಳು ಎಲ್ಲಿ?

ನಾವು ಅವರ ಒದ್ದೆ ಪಾದ ನೋಡಿದೆವು.
ಅವರೂ ನೋಡಿಕೊಂಡರು.

ಗಾಳಿಗೆ ಬಿತ್ತು ಅಂತ ಬರೀಬಹುದು, ಮಲ್ಲಿಗಿ,
ಎಂದರು, ಬಹಳ ಮೆಲ್ಲಗೆ. ಒಳ್ಳೆಯ ಮನುಷ್ಯ.
ಬುಡದಲ್ಲಿ ಕೊಡಲಿಯ ಕಚ್ಚು ಇನ್ನೂ ಹಸಿ.
ಒಳಗೆ ಕೂಸು ಅತ್ತಿತು, ನಿಂತಿತು.
ಮುದ್ದಜ್ಜಿ ಈ ಸಲ ಏನೂ ಕೇಳಲಿಲ್ಲ.

ಷರಾ ಅಂತ ಒಂದು ಕಾಲಂ ಇದೆ, ಎಲ್ಲಕ್ಕೂ ಕೊನೆಗೆ,
ಬೆರಳಗಲ. ಅದರಲ್ಲಿ ಬರೆದೆ:
ಕಡಿದವರು ನಾವು. ಹೊಳೆಯ ಮೇಲೆ ಮಲಗಿದೆ. ಬಳಕೆಯಲ್ಲಿದೆ.
ಅಕ್ಷರ ಗೆರೆ ದಾಟಿ ಪಕ್ಕದ ಹಾಳೆಗೆ ಹೋಯಿತು.

ಸುತ್ತಳತೆ ಕಾಲಂ ಖಾಲಿ ಬಿಡುವಂತಿಲ್ಲ.
ಮಲಗಿದ ಮರಕ್ಕೆ ಎದೆಯೆತ್ತರ ಎಲ್ಲಿ?
ಮಂಡಿಯೂರಿ ಟೇಪು ಕೆಳಗೆ ಬಿಟ್ಟೆ,
ನೀರಿನ ಸದ್ದಿಗೆ ಅದು ನಡುಗಿತು,
ಆಚೆ ಬದಿಗೆ ನನ್ನ ಕೈ ಎಟುಕಲಿಲ್ಲ.
ಪಳಂಗಪ್ಪನವರು ಬಂದು ಬಗ್ಗಿ
ಆ ತುದಿ ಹಿಡಿದು ಮೇಲೆ ಕೊಟ್ಟರು.

ನಾಲ್ಕಡಿ ಎರಡಂಗುಲ, ಎಂದೆ.
ಹೋದ ವರ್ಷವೂ ಅಷ್ಟೇ, ಎಂದರು.